ಪ್ಲಾಟ್‌ಫಾರ್ಮಿಗೆ ಹೊಸ್ತಿಲಿಲ್ಲ

ಭಾನುವಾರ, ೨೧ ಜೂನ್ ೨೦೦೯

ಅತ್ತೆಯವರು ಊರಿಗೆ ಹೊರಟಿದ್ದಾರೆ, ಇಡೀ ಆಷಾಢ ಈ ಮನೆ ನಮ್ಮಿಬ್ಬರದೇ!

ಇದನ್ನು ಬಾಯಿಬಿಟ್ಟು ಯಾರಿಗೂ ಹೇಳುವ ಹಾಗಿಲ್ಲ. ಅದಕ್ಕೇ ಈ ಡೈರಿ. ಇಂಗ್ಲಿಷಿನಲ್ಲೇ ಶುರು ಮಾಡಿದೆ, ಆದರೆ ಎರಡನೇ ಸಾಲಿಗೇ ಆಫೀಸಿನ ರಿಪೋರ್ಟ್ ಆಗಿಹೋಯಿತು. ಶಾಲೆಯಲ್ಲಿ ಇಂಗ್ಲಿಷ್ ಬಿಟ್ಟು ಬೇರೆ ಮಾತಾಡಿದರೆ ದಂಡ ಹಾಕುತ್ತಿದ್ದರು. ಕನ್ನಡ ಅಕ್ಷರ ಕಲಿಸಿದ್ದು ಅವ್ವ, ಬೇಸಿಗೆ ರಜೆಯಲ್ಲಿ, ಮಾವಿನಹಣ್ಣಿನ ಆಸೆ ತೋರಿಸಿ. ಇಷ್ಟು ಖುಷಿಗೆ ಆ ಅಕ್ಷರಗಳೇ ಸರಿ.

ಮದುವೆಯಾಗಿ ಇನ್ನೂ ತಿಂಗಳಾಗಿಲ್ಲ, ಅಷ್ಟರಲ್ಲಿ ಆಷಾಢ ಬಂತು. ಹೊಸ ಸೊಸೆ ಮತ್ತು ಅತ್ತೆ ಈ ತಿಂಗಳು ಒಂದೇ ಹೊಸ್ತಿಲು ದಾಟಬಾರದಂತೆ. ಸೊಸೆ ತವರಿಗೆ ಹೋಗಬೇಕು. ನನ್ನ ತವರು ಈಗ ನಾಗಪುರ, ಅಪ್ಪನಿಗೆ ಅಲ್ಲಿಗೆ ವರ್ಗವಾಗಿದೆ. ನನ್ನ ನೌಕರಿ ಇಲ್ಲಿ ಹೈದರಾಬಾದಿನ ನಾಚಾರಂನಲ್ಲಿ, ಇನ್ನೂ ಪ್ರೊಬೇಷನ್. ಇದ್ದ ರಜೆಯನ್ನೆಲ್ಲ ಮದುವೆ ತಿಂದುಹಾಕಿದೆ. ಒಂದು ವಾರದಿಂದ ಗಂಡ ಅಮರೇಶನ ಮುಂದೆ ಅಳುತ್ತಿದ್ದೆ. ನಿನ್ನೆ ಊಟಕ್ಕೆ ಕೂತಾಗ ಅತ್ತೆಯವರೇ ಮಾತು ತೆಗೆದರು.

“ಇಬ್ರೂ ಒಂದ ಹೊಸ್ತಿಲಾ ದಾಟಬಾರದು ಅಷ್ಟ ಅಲ್ಲೇನು? ನೀ ಯಾಕ ಹೋಗ್ತಿ? ನಾ ಹೋಗ್ತೀನಿ. ನನಗೂ ತವರ ಐತಿ.”

ಅಮರೇಶನ ಕೈಯಲ್ಲಿದ್ದ ರೊಟ್ಟಿ ಅಲ್ಲೇ ನಿಂತಿತು. ನಾನು ತಲೆ ತಗ್ಗಿಸಿ ಬೇಜಾರಾದವಳ ಹಾಗೆ ಕೂತೆ. ಒಳಗೆ ಬ್ಯಾಂಡು ಬಾರಿಸುತ್ತಿತ್ತು! ನಾಳೆ ಅವರು ಗುಲ್ಬರ್ಗಾಕ್ಕೆ, ಅವರ ಅಣ್ಣ ಶಿವಶರಣಪ್ಪನವರ ಮನೆಗೆ.

ಬುಧವಾರ, ೨೪ ಜೂನ್

ಸ್ವರ್ಗ, ಸ್ವರ್ಗ, ಸ್ವರ್ಗ. ಬೆಳಿಗ್ಗೆ ಬಾತ್‌ರೂಮಿನ ಬಾಗಿಲ ಆಚೆಯಿಂದ “ನಲೂ, ಚಹಾ ಆರಾಕತ್ತೈತಿ!” ಎನ್ನುವ ಆ ದನಿ ಇಲ್ಲ. ಸೆರಗು ಸರಿಮಾಡಿಕೊಳ್ಳುವ ಕೆಲಸವಿಲ್ಲ. ನಿನ್ನೆ ರಾತ್ರಿ ನೂಡಲ್ಸ್, ಇವತ್ತು ಪಲ್ಯ ಸಾರು ಕಟ್ಟಿಕೊಡುವ ಕರಿ ಪಾಯಿಂಟಿನಿಂದ ತಂದ ಬೆಂಡೆಕಾಯಿ ಫ್ರೈ ಮತ್ತು ಬೇಳೆ ಪಪ್ಪು. ಅಮರೇಶ ಅನ್ನ ಮಾಡಿದ, ಅರ್ಧ ತಳ ಹಿಡಿಯಿತು, ಇಬ್ಬರೂ ನಕ್ಕು ನಕ್ಕು ಹೊಟ್ಟೆ ಹುಣ್ಣು ಮಾಡಿಕೊಂಡೆವು. ರೈಲ್ವೆಯ ಗುಮಾಸ್ತ ಇಷ್ಟು ಚಂದ ಇರಬಹುದೆಂದು ಯಾರಾದರೂ ಮೊದಲೇ ಹೇಳಬಾರದಿತ್ತೇ!

ಮನೆಯನ್ನೂ ಸ್ವಲ್ಪ ಬದಲಾಯಿಸಿದೆ. ಅತ್ತೆಯವರ ಮಡಚುವ ಕುರ್ಚಿ ಕಿಟಕಿಯ ಹತ್ತಿರ ದಾರಿಗೆ ಅಡ್ಡವಿತ್ತು. ಅಟ್ಟಕ್ಕೆ ಹಾಕಿದೆ. ಬಾಗಿಲ ಹತ್ತಿರ ಅವರು ದಿನಾ ತುಂಬಿಸಿಡುವ ತಾಮ್ರದ ಕೊಡಕ್ಕೆ ಎರಡು ಸಲ ಕಾಲು ಎಡವಿದ್ದೆ. ಅದೂ ಒಳಗೆ ಹೋಯಿತು. ಮಲ್ಕಾಜ್‌ಗಿರಿಯ ಈ ಎರಡು ಕೋಣೆ ಈಗ ಎಷ್ಟು ದೊಡ್ಡದು!

ಸಂಜೆ ಅತ್ತೆಯವರ ಫೋನು ಬಂತು. ಶಿವಶರಣಪ್ಪ ಮಾಮಾನ ಹೆಂಡತಿ ಶಾರದಾಬಾಯಿ ಹಿಂದಿನಿಂದ ಕೂಗಿ ಹೇಳುತ್ತಿದ್ದುದು ನನಗೂ ಕೇಳಿಸಿತು. “ಸೊಸಿ ತವರಿಗೆ ಹೋಗೂದು ಕೇಳೀವಿ, ಅತ್ತಿ ತವರಿಗೆ ಬರೂದು ಈಗ ನೋಡಾಕತ್ತೀವಿ!” ಅತ್ತೆಯವರು ಕೇಳಿಸಿಯೇ ಇಲ್ಲ ಎಂಬಂತೆ, ಹಾಲು ಕಾಸಿದೆಯಾ ಎಂದು ಕೇಳಿದರು. ಕಾಸಿರಲಿಲ್ಲ. ಕಾಸಿದೆ ಅಂದೆ.

ಸೋಮವಾರ, ೨೯ ಜೂನ್

ಇವತ್ತು ಆಫೀಸಿನಲ್ಲಿ ಗಲಾಟೆ. ನಮ್ಮದು ಚಿಕ್ಕ ಕಂಪನಿ. ಶಾಲೆ, ಕಾಲೇಜು, ಆಸ್ಪತ್ರೆಗಳ ವೆಬ್‌ಸೈಟುಗಳು ನಮ್ಮ ಕಂಪ್ಯೂಟರುಗಳಲ್ಲಿ ಇರುತ್ತವೆ. ನನ್ನ ಪಾಲಿಗೆ ಬಂದದ್ದು ನೇಮ್ ಸರ್ವರ್. ಅಮರೇಶನಿಗೆ ನಾನು ಹೇಳಿದ್ದು ಹೀಗೆ: ಅದು ನಿಮ್ಮ ಸ್ಟೇಷನ್ನಿನ ವಿಚಾರಣೆ ಕಿಟಕಿ. ಜನ ಹೆಸರು ಹೇಳಿ ಕೇಳುತ್ತಾರೆ, ಅದು ಎಲ್ಲಿ ಹೋಗಬೇಕೆಂದು ನಂಬರು ಹೇಳುತ್ತದೆ. ಆ ಕಿಟಕಿ ಮುಚ್ಚಿದರೆ ರೈಲು ನಿಂತಿದ್ದರೂ ಯಾರಿಗೂ ಸಿಗುವುದಿಲ್ಲ.

ಮುಚ್ಚಿತು. ತಾನಾಗಿಯೇ ನಿಂತುಹೋಯಿತು. ಮತ್ತೆ ಚಾಲೂ ಮಾಡಿದೆ, ಏನೂ ಆಗಿಲ್ಲವೆಂಬಂತೆ ಓಡತೊಡಗಿತು. ಮದುವೆಯ ರಜೆ ಮುಗಿಸಿ ಬಂದ ಮೇಲೆ ಅದನ್ನು ಹೊಸ ಮೆಷೀನಿಗೆ ಸಾಗಿಸಿದ್ದು ನಾನೇ. ಹಾಗಾಗಿ ಎಲ್ಲರೂ ನನ್ನ ಮುಖ ನೋಡಿದರು.

ಹೋಗಲಿ ಬಿಡು. ಸಂಜೆ ಅಮರೇಶ ಮಲ್ಲಿಗೆ ತಂದಿದ್ದ!

ಶುಕ್ರವಾರ, ೩ ಜುಲೈ

ಮತ್ತೆ ಬಿತ್ತು. ಒಂದು ಕಾಲೇಜಿನ ಪ್ರವೇಶ ನಡೆಯುವ ಹೊತ್ತಿಗೆ. ಪ್ರಿನ್ಸಿಪಾಲರೇ ಫೋನು ಮಾಡಿ ಬೈದರಂತೆ.

ಮ್ಯಾನೇಜರ್ ನಾಗಭೂಷಣಂ ಸರ್ ಎಲ್ಲರ ಎದುರಿಗೆ ಕೇಳಿದರು, “ಏಂಟಮ್ಮಾ, ಕೊತ್ತ ಪೆಳ್ಳಿಕೂತುರು, ಮನಸಂತಾ ಇಂಟಿ ದಗ್ಗರೇನಾ?” ಹೊಸ ಮದುಮಗಳ ಮನಸ್ಸೆಲ್ಲ ಮನೆಯಲ್ಲೇ ಉಳಿದಿದೆಯಾ ಎಂದು. ಸುತ್ತಲಿದ್ದವರು ನಕ್ಕರು. ಆಮೇಲೆ ಒಳಗೆ ಕರೆದು, ನಗದೆ, ಇಂಗ್ಲಿಷಿನಲ್ಲಿ ಹೇಳಿದರು. ಈ ತಿಂಗಳ ಕೊನೆಗೆ ನನ್ನ ನೌಕರಿ ಕಾಯಂ ಆಗಬೇಕು. ಇದು ಹೀಗೇ ಬೀಳುತ್ತಿದ್ದರೆ ಆಗುವುದಿಲ್ಲ. ಇನ್ನೊಂದು ಮಾತು, ಇದು ಹೊರಗೆ ಯಾರಿಗೂ ಗೊತ್ತಾಗಬಾರದು, ಗ್ರಾಹಕರು ಓಡಿಹೋಗುತ್ತಾರೆ.

ಮಂಗಳವಾರ, ೭ ಜುಲೈ

ಸೆಟ್ಟಿಂಗ್ಸನ್ನು ಅಕ್ಷರ ಅಕ್ಷರ ಓದಿದೆ. ಹಳೆಯ ಮೆಷೀನಿನದಕ್ಕೆ ಹೋಲಿಸಿದೆ. ಹೆಸರಿನ ಪಟ್ಟಿಯನ್ನು ಹೊರಗಿನಿಂದ ಯಾರೂ ತಿದ್ದಬಾರದು ಎಂದು ಬಿಗಿಯಾಗಿ ಬರೆದದ್ದು ಹಾಗೇ ಇದೆ. ತಪ್ಪು ಸಿಗುತ್ತಿಲ್ಲ. ಸಿಕ್ಕಿದ್ದರೆ ಎಷ್ಟು ಚೆನ್ನಾಗಿತ್ತು! ನನ್ನ ತಪ್ಪು ಎಂದು ಗೊತ್ತಾದರೂ ತಿದ್ದಿ ನಿದ್ದೆ ಮಾಡುತ್ತಿದ್ದೆ.

ಅಮರೇಶನಿಗೆ ಹೇಳಿದೆ. ಅವನು ಪ್ರೀತಿಯಿಂದಲೇ ಹೇಳಿದ, “ಹೋದ್ರ ಹೋಗ್ಲಿ ಬಿಡು. ಮನ್ಯಾಗ ಆರಾಮ ಇರು, ನಾ ಅದೀನಲ್ಲ.” ಅವನು ತಂದಿದ್ದ ಕರಿ ಪಾಯಿಂಟಿನ ಪಲ್ಯ ಬಾಯಿಗೆ ಸೇರಲಿಲ್ಲ. ಎಲ್ಲಕ್ಕೂ ಒಂದೇ ರುಚಿ ಯಾಕೆ ಹಾಕುತ್ತಾರೋ.

ಅತ್ತೆ ಫೋನು ಮಾಡಿದಾಗ ಎಲ್ಲ ಚೆನ್ನಾಗಿದೆ ಅಂದೆ. “ಹಂಗಾರ ದನಿ ಯಾಕವಾ ಸಣ್ಣಾಗೇತಿ?” ಅಂದರು. ನೆಗಡಿ ಅಂದೆ.

ಗುರುವಾರ, ೯ ಜುಲೈ

ಬಿತ್ತು. ತಾನಾಗಿ ಮತ್ತೆ ಏಳುವ ಹಾಗೆ ಒಂದು ಚಿಕ್ಕ ಪ್ರೋಗ್ರಾಮ್ ಬರೆದು ಹಚ್ಚಿದ್ದೇನೆ. ಬೀಳುತ್ತದೆ, ಏಳುತ್ತದೆ. ನಾನೂ.

ಭಾನುವಾರ, ೧೨ ಜುಲೈ

ಇವತ್ತಿನದನ್ನು ಪೂರ್ತಿ ಬರೆಯಬೇಕು.

ಶಿವಶರಣಪ್ಪ ಮಾಮಾನ ಕಣ್ಣು ತೋರಿಸಲು ಅತ್ತಿಯೂ ಜೊತೆಗೆ ಹೈದರಾಬಾದಿಗೆ ಬಂದಿದ್ದಾರೆ. ಇಳಿದದ್ದು ಕಾಚಿಗೂಡದ ಒಂದು ಲಾಡ್ಜಿನಲ್ಲಿ. ಮಗನ ಮನೆ ಮೂರು ಸ್ಟೇಷನ್ ಆಚೆ ಇರುವಾಗ ಲಾಡ್ಜು! ಅಮರೇಶ ಬೆಳಿಗ್ಗೆ ಹೋಗಿ ನೋಡಿ ಬಂದು ಹೇಳಿದ. “ನೀ ಲಾಡ್ಜಿಗೆ ಬರಬಾರದಂತ. ಅದಕ್ಕೂ ಹೊಸ್ತಿಲಾ ಐತಿ ಅಂತಾಳ ಅವ್ವ. ಸ್ಟೇಷನ್ನಿಗೆ ಕರ್ಕೊಂಡ ಬಾ ಅಂದಾಳ.”

ಪ್ಲಾಟ್‌ಫಾರ್ಮ್ ಟಿಕೀಟು ತೆಗೆದುಕೊಂಡು ಒಳಗೆ ಹೋದರೆ, ಫ್ಯಾನಿನ ಕೆಳಗಿನ ಬೆಂಚಿನ ಮೇಲೆ ಅತ್ತಿ. ಇಳಕಲ್ ಸೀರೆ, ಮಡಿಲಲ್ಲಿ ಸ್ಟೀಲಿನ ಡಬ್ಬಿ. ನನ್ನನ್ನು ನೋಡಿ ಎದ್ದು ನಿಂತರು, ಡಬ್ಬಿ ಬೀಳುವುದರಲ್ಲಿತ್ತು.

“ಇಷ್ಟ್ಯಾಕ ಸೊರಗೀ? ಏ ಅಮರ್ಯಾ, ಅಕಿಗೆ ಏನ್ ಹಾಕಾಕತ್ತೀಯೋ?”

“ಕರಿ ಪಾಯಿಂಟಿಂದು ಹಾಕಾಕತ್ತೀನಿ,” ಅಂದ ಅಮರೇಶ. ಆಮೇಲೆ ಅವ್ವನನ್ನು ಕಾಡುವ ಹುಕಿ ಬಂತು ಅವನಿಗೆ. “ಅವ್ವಾ, ಸ್ಟೇಷನ್ನಿಗೂ ಬಾಗಲಾ ಐತಲ್ಲ. ಇಬ್ರೂ ಒಂದ ಬಾಗಲಾ ದಾಟಿ ಬಂದ್ರಿ, ಈಗ ಹ್ಯಾಂಗ?”

“ನಾ ಆ ಕಡೀ ಬಾಗಲದಿಂದ ಬಂದೀನಿ, ಅಕಿ ಈ ಕಡಿಯಿಂದ ಬಂದಾಳ. ಪ್ಲಾಟ್‌ಫಾರ್ಮಿಗೆ ಹೊಸ್ತಿಲಾ ಎಲ್ಲೈತಿ, ತೋರಸು. ರೈಲ್ವೇದಾಗ ಕೆಲಸ ಮಾಡ್ತಾನ, ಅಷ್ಟೂ ಗೊತ್ತಿಲ್ಲ.”

ಡಬ್ಬಿಯಲ್ಲಿ ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಪುಂಡಿಪಲ್ಯ. ರೈಲು ಬರುತ್ತಿತ್ತು, ಹೋಗುತ್ತಿತ್ತು, ನಾನು ತಿನ್ನುತ್ತಲೇ ಇದ್ದೆ. ಅತ್ತಿ ಅಮರೇಶನನ್ನು ನೀರು ತರಲು ಕಳಿಸಿ, “ಈಗ ಹೇಳ. ನೆಗಡಿ ಅನಬ್ಯಾಡ,” ಅಂದರು.

ಹೇಳಿಬಿಟ್ಟೆ! ವಿಚಾರಣೆ ಕಿಟಕಿಯಿಂದ ಹಿಡಿದು ನಾಗಭೂಷಣಂ ಸರ್‌ವರೆಗೆ. ನೌಕರಿ ಹೋಗಬಹುದು, ಅಮರೇಶ ಬಿಡು ಅಂತಾನೆ ಎಂಬುದನ್ನೂ. ಅತ್ತಿಯ ಹುಬ್ಬು ಮೇಲೇರಿತು.

“ಬಿಡೂದಾ? ಬಿಡೂದಾದ್ರ ನಾ ಯಾಕ ಅಲ್ಲಿ ಶಾರದಾನ ಮಾತು ಕೇಳ್ಕೋತ ಕುಂದ್ರಬೇಕು? ದಿನಾ ಅಂತಾಳ, ಸೊಸಿ ನೌಕರಿಗೋಸ್ಕರ ಅತ್ತೀನ್ನ ಮನಿಬಿಟ್ಟು ಓಡಿಸ್ಯಾಳ ಅಂತ. ನೌಕರೀನೂ ಹೋತು ಅಂದ್ರ ನನ್ನ ಮುಖ ಎಲ್ಲಿ ಇಟ್ಕೊಳ್ಳಲಿ?”

ನನಗೆ ಇದು ಗೊತ್ತೇ ಇರಲಿಲ್ಲ. ತವರಿನಲ್ಲಿ ಆರಾಮಾಗಿದ್ದಾರೆ ಎಂದುಕೊಂಡಿದ್ದೆ.

“ನಿನ್ನ ಮನಸ್ಸಿಗೆ ಏನನಸ್ತೈತಿ? ನಿನ್ನ ತಪ್ಪೇನು?”

“ಗೊತ್ತಿಲ್ರೀ ಅತ್ತಿ. ಎಲ್ಲಾ ನೋಡೀನಿ. ಏನೂ ಸಿಗವಲ್ದು.”

ಆಗ ಅವರು ಸ್ಟೋವಿನ ಕತೆ ಹೇಳಿದರು. ಅವರ ಮದುವೆಯಾದ ಹೊಸದರಲ್ಲಿ ಮಾವ ಒಂದು ಪಂಪ್ ಸ್ಟೋವ್ ತಂದರಂತೆ. ದಿನಾ ಭಗ್ಗೆಂದು ಉರಿ ಏಳುತ್ತಿತ್ತು. “ನಿನಗ ಪಂಪ್ ಹೊಡಿಯಾಕ ಬರೂದಿಲ್ಲ ಅಂತಿದ್ರು ನಮ್ಮತ್ತಿ. ನಾನೂ ಹೌದಂದ್ಕೊಂಡೆ. ತಿಕ್ಕಿದೆ, ತೊಳದೆ, ಪಿನ್ನು ಹಾಕಿದೆ. ಮನಿ ಮಾತು ಹೊರಗ ಯಾಕ ಅಂತ ಬಾಯಿ ಮುಚ್ಕೊಂಡಿದ್ದೆ. ಒಂದಿನ ಸೆರಗಿಗೆ ಉರಿ ಹತ್ತಿತು ನೋಡು, ಅವತ್ತು ನಳದ ಹಂತ್ಯಾಕ ಬಾಜೂಮನಿ ಅಂಬವ್ವನ್ನ ಕೇಳಿದೆ. ಅಕಿ ಮನ್ಯಾಗೂ ಹಂಗ! ಅಕಿ ನೆಗೆಣ್ಣಿ ಮನ್ಯಾಗೂ ಹಂಗ! ಆ ಅಂಗಡ್ಯಾಗ ತಂದ ಸ್ಟೋ ಎಲ್ಲಾ ಹಂಗ! ಓಣಿ ತುಂಬ ಹೆಣ್ಮಕ್ಕಳು ತಮ್ಮದ ತಪ್ಪು ಅಂತ ಸುಮ್ಮ ಕುಂತಿದ್ರು.”

“ಕೇಳಿದ್ರ ಇಷ್ಟೂ ಬರೂದಿಲ್ಲೇನು ಅಂತಾರ್ರೀ.”

“ಅನ್ಲಿ. ಅಂದವರೇನು ನಿನ್ನ ಸೆರಗಿಗೆ ನೀರು ಹಾಕ್ತಾರೇನು?”

ಅಮರೇಶ ನೀರು ತಂದ. ಅತ್ತಿ ಖಾಲಿ ಡಬ್ಬಿ ಮುಚ್ಚಿ, ನನ್ನ ಕೆನ್ನೆಗೆ ಅಂಟಿದ್ದ ಚಟ್ನಿ ಪುಡಿಯನ್ನು ಹೆಬ್ಬೆರಳಿನಿಂದ ಒರೆಸಿ, ಆ ಕಡೆಯ ಬಾಗಿಲಿನಿಂದ ಹೋದರು. ನಾವು ಈ ಕಡೆಯಿಂದ ಬಂದೆವು.

ಮಂಗಳವಾರ, ೧೪ ಜುಲೈ

ಕೇಳಿದೆ. ಜಗತ್ತಿನ ನೇಮ್ ಸರ್ವರ್ ನೋಡಿಕೊಳ್ಳುವವರೆಲ್ಲ ಇಮೇಲಿನಲ್ಲಿ ಮಾತಾಡುವ ಒಂದು ಗುಂಪಿದೆ. ಅದೇ ಓಣಿಯ ನಳ ಎಂದುಕೊಂಡೆ. ಕಂಪನಿಯ ಹೆಸರು ಹಾಕಲಿಲ್ಲ, ನನ್ನ ಸ್ವಂತ ಐಡಿಯಿಂದ ಬರೆದೆ: ನನ್ನ ಸರ್ವರ್ ಕಾರಣವಿಲ್ಲದೆ ನಿಲ್ಲುತ್ತಿದೆ, ನಿಲ್ಲುವ ಮೊದಲು ಈ ಒಂದು ಸಾಲು ಬರೆದಿಡುತ್ತದೆ, ಬೇರೆ ಯಾರಿಗಾದರೂ ಹೀಗಾಗಿದೆಯೇ?

ಮೊದಲ ಉತ್ತರ, ‘ಮೊದಲು ಕೈಪಿಡಿ ಓದಿ ಬಾ’. ಅಂದುಕೊಂಡ ಹಾಗೇ. ಅನ್ನಲಿ.

ಗುರುವಾರ, ೧೬ ಜುಲೈ

ಅಂಬವ್ವ ಸಿಕ್ಕಳು!! ಯೂರೋಪಿನ ಯಾವುದೋ ವಿಶ್ವವಿದ್ಯಾಲಯದ ಒಬ್ಬ ಬರೆದಿದ್ದಾನೆ, ತನ್ನಲ್ಲೂ ಅದೇ, ಕೊನೆಗೆ ಅದೇ ಸಾಲು, ಅಕ್ಷರ ತಪ್ಪದೆ. ಅವನೂ ವಾರಗಟ್ಟಲೆ ತನ್ನದೇ ತಪ್ಪು ಎಂದುಕೊಂಡಿದ್ದನಂತೆ! ಗಡ್ಡದ ಅಂಬವ್ವ! ಇಡೀ ದಿನ ಅದೇ ನೆನಪಾಗಿ ಒಬ್ಬಳೇ ನಗುತ್ತಿದ್ದೆ.

ಸಂಜೆ ಸಾಫ್ಟ್‌ವೇರ್ ಬರೆಯುವವರಿಂದಲೇ ನನಗೆ ಬೇರೆ ಇಮೇಲು ಬಂತು. ಬೀಳುವ ಮೊದಲು ಬಂದ ಸಂದೇಶಗಳ ದಾಖಲೆ ಇದ್ದರೆ ಗುಟ್ಟಾಗಿ ಕಳಿಸಿ, ಬಹಿರಂಗವಾಗಿ ಇನ್ನು ಚರ್ಚಿಸಬೇಡಿ, ದುರುದ್ದೇಶದವರಿಗೆ ದಾರಿ ತೋರಿಸಿದಂತಾಗುತ್ತದೆ ಎಂದು. ಕಂಪನಿಯ ದಾಖಲೆ, ಸರ್‌ನ ಕೇಳದೆ ಕಳಿಸುವ ಹಾಗಿಲ್ಲ.

ಶುಕ್ರವಾರ, ೧೭ ಜುಲೈ

ಸರ್ ಕೂಗಾಡಿದರು. ಹೊರಗೆ ಹೇಳಬೇಡ ಎಂದಿದ್ದೆನಲ್ಲ, ನಿನಗೆ ಕಿವಿ ಇಲ್ಲವೇ ಎಂದು. ನನಗೆ ಏನಾಯಿತೋ, ನಿಂತಲ್ಲೇ ಸ್ಟೋವಿನ ಕತೆ ಪೂರ್ತಿ ಹೇಳಿಬಿಟ್ಟೆ. ತೆಲುಗಿನಲ್ಲಿ! ಅತ್ತಿಯ ಸೆರಗಿಗೆ ಉರಿ ಹತ್ತಿದ್ದನ್ನೂ ಸೇರಿಸಿ. ಸರ್ ಕುರ್ಚಿ ಎಳೆದುಕೊಂಡು ಕೂತರು. ಆಮೇಲೆ ಗ್ರಾಹಕರ ಹೆಸರುಗಳನ್ನು ತೆಗೆದು ಕಳಿಸು ಅಂದರು. “ಆದರೆ ನೆನಪಿಟ್ಟುಕೋ, ತಪ್ಪು ಸಾಫ್ಟ್‌ವೇರಿನದೇ ಎಂದು ಅವರೇ ಹೇಳಬೇಕು. ಹೇಳದಿದ್ದರೆ ನಾನು ಆಡಿದ ಮಾತು ಹಾಗೇ ಇದೆ.”

ಕಳಿಸಿದೆ. ಈಗ ಕಾಯುವುದಷ್ಟೇ.

ಬಾಗಿಲ ಹತ್ತಿರ ಕೊಡ ತುಂಬಿಸಿಟ್ಟೆ. ಸೆಖೆ ಜಾಸ್ತಿ, ಬಂದ ತಕ್ಷಣ ತಣ್ಣನೆ ನೀರು ಸಿಕ್ಕರೆ ಒಳ್ಳೆಯದು, ಅಷ್ಟೆ.

ಬುಧವಾರ, ೨೨ ಜುಲೈ

ಅಮಾವಾಸ್ಯೆ. ಬೆಳಿಗ್ಗೆ ಸೂರ್ಯಗ್ರಹಣ. ಇವತ್ತಂತೂ ಬಿದ್ದೇ ಬೀಳುತ್ತದೆ ಎಂದು ವಾಚ್‌ಮನ್‌ನಿಂದ ಹಿಡಿದು ಎಲ್ಲರೂ ಹೇಳಿದರು. ಇವತ್ತೇ ಬೀಳಲಿಲ್ಲ.

ಆಷಾಢ ಮುಗಿಯಿತು. ಅತ್ತಿ ನಾಳೆಯೇ ಬರುತ್ತಾರೆ ಎಂದುಕೊಂಡಿದ್ದೆ. ಫೋನು ಮಾಡಿದರೆ, “ಪಂಚಮಿಗೆ ತವರಾಗ ಇದ್ದೀನಿ, ಹಾಲೆರದು ಮುಂದಿನ ವಾರ ಹೊಂಡತೀನಿ, ಉಂಡಿ ಕಟ್ಟಾಕ ಶಾರದಾ ಬಿಡವಲ್ಲಳು,” ಅಂದರು. ಬೈಯುವ ಶಾರದಾಬಾಯಿಗೂ ಅವರ ಕೈಯ ಉಂಡಿಯೇ ಬೇಕು! ಅಮರೇಶ, “ಛಲೋ ಆತು, ಇನ್ನೂ ಒಂದ ವಾರ ನಮ್ಮದ ರಾಜ್ಯ,” ಅಂದ. ಅವನ ಮೇಲೆ ಯಾಕೆ ಸಿಟ್ಟು ಬಂತೋ.

ಇವತ್ತು ನನ್ನನ್ನು ಯಾರೂ ನಲೂ ಅನ್ನಲಿಲ್ಲ. ಅಮರೇಶ ನಲಿನಿ ಅನ್ನುತ್ತಾನೆ, ಆಫೀಸಿನಲ್ಲಿ ನಲಿನಿಗಾರು.

ಸೋಮವಾರ, ೨೭ ಜುಲೈ

ಬಿತ್ತು, ಎದ್ದಿತು. ಸಾಫ್ಟ್‌ವೇರಿನವರಿಂದ ಸುದ್ದಿಯಿಲ್ಲ. ತಿಂಗಳು ಮುಗಿಯುತ್ತ ಬಂತು. ಸರ್ ಇವತ್ತು ಮುಖ ನೋಡದೆ ಹೋದರು.

ಜೋಳದ ರೊಟ್ಟಿ ತಟ್ಟಲು ನೋಡಿದೆ. ಹರಿಯಿತು. ಮತ್ತೆ ತಟ್ಟಿದೆ, ಹರಿಯಿತು. ಹರಿದದ್ದನ್ನೇ ಬೇಯಿಸಿ ತಿಂದೆವು. ಕರಿ ಪಾಯಿಂಟಿಗಿಂತ ವಾಸಿ.

ಬುಧವಾರ, ೨೯ ಜುಲೈ

ನನ್ನ ತಪ್ಪಲ್ಲ, ನನ್ನ ತಪ್ಪಲ್ಲ, ನನ್ನ ತಪ್ಪಲ್ಲ!

ಬೆಳಿಗ್ಗೆ ಆಫೀಸಿಗೆ ಹೋಗಿ ಇಮೇಲು ತೆರೆದರೆ ಸಾಫ್ಟ್‌ವೇರ್ ಮಾಡಿದವರ ಪ್ರಕಟಣೆ, ಇಡೀ ಜಗತ್ತಿಗೆ. ಹೆಸರಿನ ಪಟ್ಟಿ ತಿದ್ದು ಎಂದು ಕೇಳುವ ಒಂದು ವಿಚಿತ್ರ ಸಂದೇಶ. ಒಂದೇ ಒಂದು. ಅದು ಬಂದರೆ ಸರ್ವರ್ ನಿಂತುಹೋಗುತ್ತದೆ. ಯಾರೂ ತಿದ್ದಬಾರದು ಎಂದು ನಾನು ಎಷ್ಟು ಬಿಗಿಯಾಗಿ ಬರೆದಿದ್ದರೂ ಉಪಯೋಗವಿಲ್ಲ, ಯಾಕೆಂದರೆ ಸರ್ವರ್ ಅನುಮತಿ ಇದೆಯೇ ಎಂದು ನೋಡುವ ಮೊದಲೇ ಸಂದೇಶವನ್ನು ಬಿಚ್ಚಿ ಓದಲು ಹೋಗಿ, ಇಂಥದ್ದು ಇರಲು ಸಾಧ್ಯವೇ ಇಲ್ಲ ಎಂದು ಗಾಬರಿಯಾಗಿ ಸತ್ತುಹೋಗುತ್ತದೆ. ಯಾವ ಸೆಟ್ಟಿಂಗೂ ತಡೆಯಲಾರದು, ಹೊಸ ಆವೃತ್ತಿ ಹಾಕಿಕೊಳ್ಳುವುದೊಂದೇ ದಾರಿ ಎಂದು ಸ್ಪಷ್ಟವಾಗಿ ಬರೆದಿದ್ದಾರೆ. ಸ್ಪಷ್ಟವಾಗಿ! ಅದನ್ನು ಪ್ರಿಂಟ್ ತೆಗೆದು ಸರ್ ಮೇಜಿನ ಮೇಲಿಟ್ಟೆ.

ಹೊಸ ಆವೃತ್ತಿ ಹಾಕಿದೆ. ಸರ್ ಬಂದು ನನ್ನ ಕುರ್ಚಿಯ ಹಿಂದೆ ನಿಂತರು. ಮೂಲೆಯಲ್ಲಿ ಯಾರೂ ಬಳಸದ ಮೆಷೀನೊಂದರಲ್ಲಿ ಹಳೆಯ ಆವೃತ್ತಿ ಉಳಿಸಿದ್ದೆ. ದಾಖಲೆಯಲ್ಲಿದ್ದ ಆ ಸಂದೇಶವನ್ನು ಮೊದಲು ಅದಕ್ಕೆ ಕಳಿಸಿದೆ. ಬಿತ್ತು. ಅದೇ ಸಂದೇಶವನ್ನು ಹೊಸದಕ್ಕೆ ಕಳಿಸಿದೆ. ‘ಅನುಮತಿಯಿಲ್ಲ’ ಎಂದು ಉತ್ತರ ಬಂತು. ಮತ್ತೆ ಕಳಿಸಿದೆ. ಅನುಮತಿಯಿಲ್ಲ. ಬೀಳದೆ ನಿಂತೇ ಇತ್ತು! ಎಷ್ಟು ಮರ್ಯಾದೆಯಿಂದ ಬೇಡ ಅನ್ನುತ್ತದೆ ಈಗ!

ಸರ್ ಎಲ್ಲರಿಗೂ ಚಹಾ ಹೇಳಿದರು. ಕಾಯಂ ಆದೇಶ ಶುಕ್ರವಾರ ಕೈಗೆ. ಕ್ಷಮಿಸು ಎನ್ನಲಿಲ್ಲ. ಆದರೆ ಹೋಗುವಾಗ ತಿರುಗಿ ನಿಂತು, “ಮೀ ಅತ್ತಗಾರಿಕಿ ಚೆಪ್ಪಮ್ಮಾ,” ಅಂದರು. ನಿಮ್ಮ ಅತ್ತೆಯವರಿಗೆ ಹೇಳಮ್ಮಾ, ಎಂದು. ಏನು ಹೇಳಬೇಕು ಎನ್ನಲಿಲ್ಲ, ಕೇಳುವ ಅಗತ್ಯವೂ ಇರಲಿಲ್ಲ.

ಮೆಟ್ಟಿಲ ಮೇಲೆ ನಿಂತೇ ಗುಲ್ಬರ್ಗಾಕ್ಕೆ ಫೋನು ಹಚ್ಚಿದೆ. ಅಮರೇಶನಿಗೆ ಇನ್ನೂ ಹೇಳಿಲ್ಲ ಎಂದು ಆಮೇಲೆ ನೆನಪಾಯಿತು, ಪಾಪ.

“ಬಿತ್ತೇನವಾ?”

“ಇಲ್ರೀ ಅತ್ತಿ! ಬೀಳದ ನಿಂತೈತ್ರಿ! ನಂದಲ್ಲಂತ ತಪ್ಪು, ಅವರ ಬರದು ಹೇಳ್ಯಾರ್ರಿ. ಬ್ಯಾಡ ಅನ್ನೂಕಿಂತ ಮೊದಲ ಬವಳಿ ಬಂದು ಬೀಳತಿತ್ತಂತ!”

ಅತ್ತಿ ಫೋನು ದೂರ ಹಿಡಿದು ಇಡೀ ಓಣಿಗೆ ಕೇಳುವಂತೆ ಕೂಗಿದರು. “ಏ ಶಾರದಾ, ಕೇಳಿಲ್ಲೆ! ನಮ್ಮ ನಲೂಂದು ತಪ್ಪಲ್ಲಂತ! ಸ್ಟೋಂದಂತ!”

ಶಾರದಾಬಾಯಿ ಏನೋ ಅಂದರು. ಕೇಳಿಸಲಿಲ್ಲ, ನಾನು ಅಳುತ್ತಿದ್ದೆ.

ಮನೆಗೆ ಬಂದು ಅಟ್ಟದಿಂದ ಮಡಚುವ ಕುರ್ಚಿ ಇಳಿಸಿ, ಧೂಳು ಒರೆಸಿ, ಕಿಟಕಿಯ ಹತ್ತಿರ ಹಾಕಿದೆ. ಅಲ್ಲಿ ಬಿಟ್ಟು ಬೇರೆ ಕಡೆ ಅದು ಒಪ್ಪುವುದೇ ಇಲ್ಲ. ಹಾಲು ಕಾಸಿದೆ. ಅಮರೇಶ ಮಲ್ಲಿಗೆ ತಂದ, ಪೇಡೆ ತಂದ, ನನ್ನನ್ನು ಎತ್ತಿ ಒಂದು ಸುತ್ತು ತಿರುಗಿಸಿದ. ತಿರುಗಿಸಿ ಇಳಿಸಿ, “ಮುಗೀತು ನೋಡು, ನಾಳಿಯಿಂದ ಅವ್ವನ ರಾಜ್ಯ,” ಎಂದು ಮುಖ ಸಣ್ಣದು ಮಾಡಿದ. ಕುರ್ಚಿಗೆ ಕಾಲು ಎಡವೀತು, ಆ ಕಡೆ ಸರಿ ಅಂದೆ.

ನಾಳೆ ಅರ್ಧ ದಿನ ರಜೆ ಕೇಳಿದ್ದೇನೆ, ಸರ್ ಕೊಟ್ಟಿದ್ದಾರೆ. ಅತ್ತಿ ಬರುತ್ತಿದ್ದಾರೆ, ಹುಸೇನ್‌ಸಾಗರ ಎಕ್ಸ್‌ಪ್ರೆಸ್ಸಿಗೆ. ಪ್ಲಾಟ್‌ಫಾರ್ಮಿಗೆ ನಾನೇ ಹೋಗುತ್ತೇನೆ.